ಮನೆಯ ಬಿಯರು, ಪರರ ನಾಲಿಗೆ

ಮನೆಯಲ್ಲಿ ಬಿಯರು ಮಾಡುವವರಿಗೆ ಒಂದು ಕಷ್ಟವಿದೆ. ರುಚಿ ನೋಡಿ ಅಭಿಪ್ರಾಯ ಹೇಳುವವರೆಲ್ಲ ನೆಂಟರು, ಸ್ನೇಹಿತರು. ಪುಕ್ಕಟೆ ಬಿಯರು ಕುಡಿದವರು 'ಸೂಪರ್ ಆಗಿದೆ ಮಾರಾಯ' ಅನ್ನದೆ ಇನ್ನೇನು ಅಂದಾರು? ಯಾರು ಮಾಡಿದ್ದೆಂದು ಗೊತ್ತಿಲ್ಲದ, ಯಾವ ಹಂಗೂ ಇಲ್ಲದ ನಾಲಿಗೆ ಬೇಕೆಂದರೆ ಸ್ಪರ್ಧೆಗೆ ಕಳಿಸಬೇಕು. ಅಮೆರಿಕದಲ್ಲಿ ಇದಕ್ಕೆ ಗಟ್ಟಿಯಾದ ಏರ್ಪಾಡು ಇದೆ. ಅಲ್ಲಿ ನೆಲೆಸಿ, ಗ್ಯಾರೇಜಿನಲ್ಲಿ ಹಂಡೆ ಇಟ್ಟುಕೊಂಡಿರುವ ಕನ್ನಡಿಗರಿಗೆ ಈ ಬರಹ ನೇರವಾಗಿ ಉಪಯೋಗಕ್ಕೆ ಬರಬಹುದು. ಕರ್ನಾಟಕದಲ್ಲಿರುವವರು ಓದಬಹುದು, ಮಾಡುವಂತಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸಕೂಡದು, ಬಿಯರಿಗೂ ಅದರಿಂದ ವಿನಾಯಿತಿ ಇಲ್ಲ.

ಅಮೆರಿಕದಲ್ಲೂ ಇದು ಮೊದಲಿನಿಂದ ಇದ್ದ ಸ್ವಾತಂತ್ರ್ಯವಲ್ಲ. 1933ರಲ್ಲಿ ಪಾನನಿಷೇಧ ಮುಗಿದ ಮೇಲೂ ಮನೆಯಲ್ಲಿ ವೈನ್ ಮಾಡಬಹುದಿತ್ತು, ಬಿಯರು ಮಾಡುವಂತಿರಲಿಲ್ಲ. ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರಿನಲ್ಲಿ ಸಹಿ ಹಾಕಿದ ಕಾನೂನು 1979ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ಒಬ್ಬ ವಯಸ್ಕನಿದ್ದರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿಯ ಮನೆಗೆ 200 ಗ್ಯಾಲನ್, ಅಂದರೆ ಸುಮಾರು 750 ಲೀಟರ್. ಮಾರುವ ಹಾಗಿಲ್ಲ. ರಾಜ್ಯಗಳು ಒಂದೊಂದಾಗಿ ಒಪ್ಪಿಕೊಂಡವು. ಅಲಬಾಮ, ಮಿಸಿಸಿಪಿ ಕೊನೆಗೆ 2013ರಲ್ಲಿ ದಾರಿಗೆ ಬಂದವು. 1978ರಲ್ಲೇ ಚಾರ್ಲಿ ಪಪೇಜಿಯನ್ ಮತ್ತು ಚಾರ್ಲಿ ಮ್ಯಾಟ್ಸನ್ ಕೊಲರಾಡೊದ ಬೌಲ್ಡರಿನಲ್ಲಿ ಅಮೆರಿಕನ್ ಹೋಮ್‌ಬ್ರೂವರ್ಸ್ ಅಸೋಸಿಯೇಷನ್ ಕಟ್ಟಿದರು, ಮರುವರ್ಷವೇ ರಾಷ್ಟ್ರೀಯ ಸ್ಪರ್ಧೆ ಶುರುವಾಯಿತು. ತೀರ್ಪುಗಾರರಿಗೆ ಪರೀಕ್ಷೆ ನಡೆಸಿ ದರ್ಜೆ ಕೊಡುವ ಬಿಯರ್ ಜಡ್ಜ್ ಸರ್ಟಿಫಿಕೇಷನ್ ಪ್ರೋಗ್ರಾಂ, ಎಲ್ಲರ ಬಾಯಲ್ಲಿ ಬಿಜೆಸಿಪಿ, ಹುಟ್ಟಿದ್ದು 1985ರಲ್ಲಿ. ಊರೂರಿನ ಕ್ಲಬ್ಬುಗಳು ನಡೆಸುವ ಬಹುತೇಕ ಸ್ಪರ್ಧೆಗಳು ಇಂದು ಅದರ ಅಂಕಪಟ್ಟಿ, ಅದರ ಶೈಲಿ ಕೈಪಿಡಿಯ ಮೇಲೆಯೇ ನಡೆಯುತ್ತವೆ.

ಹೊಸಬರು ಎಡವುವುದು ಈ ಕೈಪಿಡಿಯ ಹತ್ತಿರವೇ. ತೀರ್ಪುಗಾರರು ಕೇಳಿಕೊಳ್ಳುವ ಪ್ರಶ್ನೆ 'ಇದು ಚೆನ್ನಾಗಿದೆಯೇ' ಎಂಬುದಲ್ಲ, 'ಹೇಳಿದ ಶೈಲಿಗೆ ಇದು ಎಷ್ಟು ಒಪ್ಪುತ್ತದೆ' ಎಂಬುದು. ಮೋಹನ ಹಾಡಿ ಎಂದಾಗ ಕಲ್ಯಾಣಿ ಹಾಡಿದರೆ ಶ್ರುತಿ ಎಷ್ಟೇ ಶುದ್ಧವಾಗಿದ್ದರೂ ಅಂಕ ಸಿಗದು, ಇಲ್ಲಿಯೂ ಹಾಗೆಯೇ. 2021ರ ಕೈಪಿಡಿಯಲ್ಲಿ ಅಮೆರಿಕನ್ ಪೇಲ್ ಏಲ್ ವರ್ಗ 18ಬಿ: ಆಲ್ಕೋಹಾಲ್ ಶೇ. 4.5ರಿಂದ 6.2, ಕಹಿಯ ಅಳತೆ 30ರಿಂದ 50. ಅಮೆರಿಕನ್ ಐಪಿಎ 21ಎ: ಶೇ. 5.5ರಿಂದ 7.5, ಕಹಿ 40ರಿಂದ 70. ಶೇ. 6 ಆಲ್ಕೋಹಾಲ್, 48 ಕಹಿಯ ಬಿಯರು ಎರಡರಲ್ಲೂ ಕೂರುತ್ತದೆ. ಯಾವುದಕ್ಕೆ ಹಾಕುವುದು? ಮಾಡುವಾಗ ಮನಸ್ಸಿನಲ್ಲಿ ಇದ್ದದ್ದಕ್ಕಲ್ಲ, ಲೋಟದಲ್ಲಿ ಈಗ ಇರುವುದಕ್ಕೆ. ಹಾಪ್ಸ್ ಪರಿಮಳ ಮೂಗಿಗೆ ಹೊಡೆಯುತ್ತಿದ್ದರೆ ಐಪಿಎ, ಮಾಲ್ಟಿನ ರುಚಿ ಜೊತೆಜೊತೆಗೆ ಬರುತ್ತಿದ್ದರೆ ಪೇಲ್ ಏಲ್.

ರಾಗಿ ಹಾಕಿ ಮಾಡಿದ್ದಾದರೆ 31ಎ, ಪರ್ಯಾಯ ಧಾನ್ಯಗಳ ವರ್ಗ. ಬೆಲ್ಲದ ರುಚಿಯೇ ಮುಂದಿದ್ದರೆ 31ಬಿ. ಏಲಕ್ಕಿ, ಕೊತ್ತಂಬರಿ ಬೀಜದಂಥ ಮಸಾಲೆಗೆ 30ಎ. ಇಲ್ಲೆಲ್ಲ ಏನು ಹಾಕಿದ್ದೀರಿ, ಆಧಾರದ ಶೈಲಿ ಯಾವುದು ಎಂದು ಅರ್ಜಿಯಲ್ಲೇ ಬರೆಯಬೇಕು. ಏಲಕ್ಕಿ ಎಂದು ಬರೆದ ಮೇಲೆ ತೀರ್ಪುಗಾರರು ಏಲಕ್ಕಿಯನ್ನೇ ಹುಡುಕುತ್ತಾರೆ, ಸಿಗದಿದ್ದರೆ ಅಂಕ ಕಳೆಯುತ್ತಾರೆ. ನಿಮಗೇ ಅದು ಸಿಗುತ್ತಿಲ್ಲವಾದರೆ ಆ ಮಾತೇ ಎತ್ತದೆ ಆಧಾರದ ಶೈಲಿಗೆ ಹಾಕಿಬಿಡುವುದು ಜಾಣತನ.

ಕಳಿಸುವ ಕ್ರಮ ಸರಳ. ಸಾಮಾನ್ಯವಾಗಿ 12 ಔನ್ಸಿನ, ಅಂದರೆ 355 ಮಿ.ಲೀ.ನ ಕಂದು ಬಾಟಲಿಗಳು ಎರಡೋ ಮೂರೋ. ಗುರುತು, ಚೀಟಿ ಏನೂ ಇರಬಾರದು, ಮುಚ್ಚಳದ ಮೇಲೆ ಹೆಸರಿದ್ದರೆ ಕಪ್ಪು ಮಾರ್ಕರಿನಿಂದ ಅಳಿಸಬೇಕು. ಸಂಘಟಕರು ಕಿತ್ತು ಬೇರೆ ಸಂಖ್ಯೆ ಹಾಕಲಿಕ್ಕೆ ಸುಲಭವಾಗಲೆಂದು ವಿವರದ ಚೀಟಿಯನ್ನು ಹಲವು ಕಡೆ ರಬ್ಬರ್ ಬ್ಯಾಂಡಿನಲ್ಲೇ ಕಟ್ಟಿಸುತ್ತಾರೆ. ಅಮೆರಿಕದ ಸರ್ಕಾರಿ ಅಂಚೆಯಲ್ಲಿ ಮದ್ಯ ಕಳಿಸುವಂತಿಲ್ಲ. ಆದ್ದರಿಂದ ಹತ್ತಿರದ ಸ್ಪರ್ಧೆ ಆರಿಸಿ, ಬಾಟಲಿ ಸ್ವೀಕರಿಸುವ ಅಂಗಡಿಗೆ ಕೈಯಾರೆ ಮುಟ್ಟಿಸುವುದು ಒಳ್ಳೆಯದು. ಬಿಸಿಲಲ್ಲಿ ನಿಂತ ವ್ಯಾನಿನೊಳಗೆ ಹಾಪ್ಸ್ ಪರಿಮಳ ಸಾಯುವುದೂ ತಪ್ಪುತ್ತದೆ. ಇದರಲ್ಲಿ ಮರೆಯಬಾರದ ಕೆಲಸ ಒಂದೇ: ಅದೇ ದಿನ ತುಂಬಿದ ಒಂದೆರಡು ಬಾಟಲಿಗಳನ್ನು ಮನೆಯ ಫ್ರಿಜ್ಜಿನಲ್ಲಿ ಎತ್ತಿಡಿ. ಬಹುಮಾನದ ಆಸೆಗೆ ಎಲ್ಲವನ್ನೂ ಕಳಿಸಿದವರಿಗೆ ಆಮೇಲೆ ಅಂಕಪಟ್ಟಿ ಬರೀ ಕಾಗದ.

ಸ್ಪರ್ಧೆಯ ಮೇಜಿನಲ್ಲಿ ಸಾಮಾನ್ಯವಾಗಿ ಇಬ್ಬರು ತೀರ್ಪುಗಾರರು. ಸ್ಟೀವರ್ಡ್ ಒಬ್ಬರು ಸಂಖ್ಯೆ ಹಚ್ಚಿದ ಬಾಟಲಿಗಳನ್ನು ಒಂದೊಂದಾಗಿ ತಂದಿಡುತ್ತಾರೆ. ಬಗ್ಗಿಸಿದ ತಕ್ಷಣ ಮೂಗು, ಏಕೆಂದರೆ ಗಂಧಕದಂಥ ಕೆಲವು ವಾಸನೆಗಳು ನಿಮಿಷದಲ್ಲಿ ಹಾರಿಹೋಗುತ್ತವೆ. ಒಬ್ಬರಿಗೊಬ್ಬರು ಮಾತಾಡದೆ ಬರೆಯುತ್ತಾರೆ: ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಕೂರುವ ಬಗೆಗೆ 5, ಒಟ್ಟು ಅನಿಸಿಕೆಗೆ 10, ಹೀಗೆ 50. (ಬಿಯರು ಗಾಜಿನಂತೆ ತಿಳಿಯಾಗಲೆಂದು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವವರು ಆ 3ರ ಕಡೆ ಒಮ್ಮೆ ನೋಡಿ.) ಆಮೇಲೆ ಚರ್ಚೆ. ಇಬ್ಬರ ಅಂಕದ ಅಂತರ ಸಾಮಾನ್ಯವಾಗಿ 7ರೊಳಗೆ ಬರಬೇಕು. ಒಂದು ಬಿಯರಿಗೆ ಸಿಗುವುದು ಹೆಚ್ಚುಕಡಿಮೆ ಹತ್ತು ಹನ್ನೆರಡು ನಿಮಿಷ. ಇವರೆಲ್ಲ ಸಂಬಳವಿಲ್ಲದ ಸ್ವಯಂಸೇವಕರು.

ಅಂಕದ ಅರ್ಥವೂ ಪಟ್ಟಿಯಲ್ಲೇ ಇದೆ. 45ರಿಂದ 50 ವಿಶ್ವದರ್ಜೆ. 38ರಿಂದ 44 ಉತ್ಕೃಷ್ಟ. 30ರಿಂದ 37 ಬಹಳ ಚೆನ್ನ, ಸಣ್ಣಪುಟ್ಟ ಕೊರತೆ. 21ರಿಂದ 29 ಶೈಲಿಯ ಗುರಿ ತಪ್ಪಿದೆ ಅಥವಾ ಸಣ್ಣ ದೋಷವಿದೆ. 14ರಿಂದ 20 ಎಂದರೆ ಎದ್ದು ಕಾಣುವ ದೋಷ. ಬಾಯಿಗಿಡಲಾಗದ ಬಿಯರಿಗೂ ದಾಕ್ಷಿಣ್ಯಕ್ಕೆ 13 ಕೊಡುವುದು ರೂಢಿ. ಮೊದಲ ಸಲ 31 ಬಂದರೆ ಬೇಸರಕ್ಕೆ ಕಾರಣವೇ ಇಲ್ಲ.

ಆದರೆ ಅಂಕದ ಮೇಲೆ ಬಹಳ ಭಾರ ಹಾಕಬೇಡಿ. ರಾಬರ್ಟ್ ಹಾಡ್ಜ್‌ಸನ್ ಎಂಬುವರು ಕ್ಯಾಲಿಫೋರ್ನಿಯ ಸ್ಟೇಟ್ ಫೇರಿನ ವೈನ್ ಸ್ಪರ್ಧೆಯಲ್ಲಿ ಒಂದೇ ಬಾಟಲಿಯ ವೈನನ್ನು ಗೊತ್ತಾಗದ ಹಾಗೆ ಮೂರು ಲೋಟಗಳಲ್ಲಿ ಕೊಡಿಸಿ ನೋಡಿದರು. 2008ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಮೂರಕ್ಕೂ ಒಂದೇ ಪದಕದ ಮಟ್ಟದ ಅಂಕ ಕೊಟ್ಟವರು ಶೇ. 10ರಷ್ಟು ಮಾತ್ರ. ಅದು ವೈನು ನಿಜ. ನಾಲಿಗೆಗಳು ಅವೇ ತಾನೆ! ಕಟು ಕಹಿಯ ಬಿಯರಿನ ಹಿಂದೆಯೇ ನಿಮ್ಮ ಮೃದುವಾದದ್ದು ಬಂದರೆ ಅದು ನೀರು ಅನಿಸೀತು.

ಹಾಗಾದರೆ ಓದುವುದೇನನ್ನು? ಪಟ್ಟಿಯ ಕೆಳಗೆ ಮೂರು ಗೆರೆಗಳಿರುತ್ತವೆ: ಶೈಲಿಗೆ ನಿಷ್ಠೆ, ತಯಾರಿಕೆಯ ಶುದ್ಧಿ, ಹೇಳಲಾಗದ ಸೊಗಸು. ಬಹಳ ಮಂದಿ ಅದನ್ನು ನೋಡುವುದೇ ಇಲ್ಲ, ನಾನಾದರೆ ಅಲ್ಲಿಂದಲೇ ಶುರು ಮಾಡಿ ಎನ್ನುತ್ತೇನೆ. ಶುದ್ಧಿಯಲ್ಲಿ ಪೂರ್ತಿ, ಶೈಲಿಯಲ್ಲಿ ಕಡಿಮೆ ಬಂದಿದ್ದರೆ ಬಿಯರಿನಲ್ಲಿ ತೊಂದರೆ ಇಲ್ಲ, ವರ್ಗ ತಪ್ಪಾಗಿದೆ. ಹಂಡೆ ಮುಟ್ಟದೆ ಮುಂದಿನ ಸ್ಪರ್ಧೆಯಲ್ಲಿ ಬೇರೆ ಸಂಖ್ಯೆಗೆ ಹಾಕಿ. ತಿರುಗುಮುರುಗಾಗಿದ್ದರೆ ಕೆಲಸ ಹಂಡೆಯ ಹತ್ತಿರ.

ಆಮೇಲೆ ಎತ್ತಿಟ್ಟ ಬಾಟಲಿ ತೆಗೆದು, ಪಟ್ಟಿ ಪಕ್ಕದಲ್ಲಿಟ್ಟುಕೊಂಡು ಕುಡಿಯಿರಿ. ತೀರ್ಪುಗಾರರ ಮಾತಿನಲ್ಲಿ ಎರಡು ಬಗೆ ಬೆರೆತಿರುತ್ತದೆ: ಅವರ ಮೂಗು ನಾಲಿಗೆಗೆ ಸಿಕ್ಕಿದ್ದು ಒಂದು, ಅದಕ್ಕೆ ಅವರು ಊಹಿಸಿದ ಕಾರಣ ಇನ್ನೊಂದು. ಮೊದಲನೆಯದು ಸಾಕ್ಷಿ. ಎರಡನೆಯದು ನಿಮ್ಮ ಪಾಕವನ್ನೇ ನೋಡದವರ ಅಂದಾಜು. ಅಡುಗೆಮನೆಗೆ ಕಾಲಿಡದೆ 'ಉಪ್ಪು ತಡವಾಗಿ ಹಾಕಿದ್ದೀರಿ' ಎಂದರೆ ಒಪ್ಪುವವರು ಯಾರು? ಸಾರು ಉಪ್ಪಾಗಿದೆ ಎಂದರೆ ಮಾತ್ರ ಒಪ್ಪಲೇಬೇಕು.

ಬೆಣ್ಣೆಯ ವಾಸನೆ ನೋಡಿ. ಯೀಸ್ಟ್ ಹೊರಬಿಟ್ಟ ಒಂದು ಪದಾರ್ಥ ಬಿಯರಿನಲ್ಲಿ ಡೈಅಸಿಟೈಲ್ ಆಗುತ್ತದೆ, ಸಮಯ ಕೊಟ್ಟರೆ ಯೀಸ್ಟೇ ಅದನ್ನು ಮತ್ತೆ ನುಂಗುತ್ತದೆ. ಆದ್ದರಿಂದ ಲಾಗರಿಗೆ 'ಹುದುಗು ಮುಗಿಯುವ ಹೊತ್ತಿಗೆ 18 ಡಿಗ್ರಿಗೆ ಏರಿಸಿ ಎರಡು ಮೂರು ದಿನ ಬಿಡಿ' ಎಂದು ಬರೆಯುತ್ತಾರೆ. ಸರಿಯಾದ ಸಲಹೆಯೇ. ಆದರೆ ನಿಮ್ಮದು ಹುದುಗಿನ ನಂತರ ರಾಶಿ ಹಾಪ್ಸ್ ನೆನೆಸಿದ ಐಪಿಎ ಆಗಿದ್ದರೆ ಕಾರಣ ಬೇರೆ ಇರಬಹುದು. ಹಾಪ್ಸಿನಲ್ಲಿರುವ ಕಿಣ್ವಗಳು ಉಳಿದ ಪಿಷ್ಟದ ತುಣುಕುಗಳನ್ನು ಸಕ್ಕರೆ ಮಾಡಿ, ಹುದುಗು ಮತ್ತೆ ಎದ್ದು, ಹೊಸದಾಗಿ ಬೆಣ್ಣೆ ಹುಟ್ಟುತ್ತದೆ. ಆಗ ಯೀಸ್ಟಿಗೆ ಬಿಡುವು ಕೊಡಬೇಕಾದದ್ದು ಹಾಪ್ಸ್ ಹಾಕಿದ ಮೇಲೆ, ಮೊದಲಲ್ಲ. ಇನ್ನು ಬೆಣ್ಣೆಯ ಜೊತೆ ಹುಳಿಯೂ ಇದ್ದರೆ ಅದು ಬ್ಯಾಕ್ಟೀರಿಯಾದ ಕೆಲಸವಿರಬಹುದು, ಪೈಪು ಬಿಚ್ಚಿ ತೊಳೆಯಿರಿ.

'ಫೀನಾಲಿಕ್' ಎಂಬಲ್ಲಿ ಟಿಕ್ ಬಿದ್ದಿದ್ದರೆ ಪಕ್ಕದ ಬರಹ ಹುಡುಕಿ. ಲವಂಗ ಎಂದಿದ್ದರೆ ಯೀಸ್ಟಿನ ಕಡೆ ನೋಡಿ. ಗೋಧಿ ಬಿಯರಿಗೆ ಅದು ಭೂಷಣ, ಪೇಲ್ ಏಲಿಗೆ ಕಾಡು ಯೀಸ್ಟ್ ಹೊಕ್ಕ ಸೂಚನೆ. ಆಸ್ಪತ್ರೆ, ಬ್ಯಾಂಡೇಜ್ ಎಂದಿದ್ದರೆ ನಲ್ಲಿ ನೀರಿನ ಕ್ಲೋರಮೈನ್. ಕುದಿಸಿದರೆ ಅದು ಸುಲಭಕ್ಕೆ ಹೋಗದು. ಸುಮಾರು 75 ಲೀಟರ್ ನೀರಿಗೆ ಒಂದು ಕ್ಯಾಂಪ್ಡೆನ್ ಮಾತ್ರೆ ಸಾಕು. ಬೆಂದ ಮೆಕ್ಕೆಜೋಳದ ವಾಸನೆಗೆ ಮುಚ್ಚಳ ತೆರೆದು ಜೋರಾಗಿ ಕುದಿಸುವುದು, ಬೇಗ ಆರಿಸುವುದು. ಒದ್ದೆ ರಟ್ಟಿನ ವಾಸನೆ ಎಂದರೆ ಬಾಟಲಿ ತುಂಬುವಾಗ ಗಾಳಿ ಸೇರಿದೆ. ಒಗರು ಎಂದಿದ್ದರೆ ಕಾಳು ತೊಳೆಯುವ ನೀರು 77 ಡಿಗ್ರಿ ದಾಟಿತೇ, ಅದರ ಪಿಎಚ್ ಏರಿತೇ ಎಂದು ನೋಡಿ. ಕೆಲವೊಮ್ಮೆ ಅದು ತೇಲುವ ಹಾಪ್ಸ್ ಪುಡಿ ಮಾತ್ರ, ಎರಡು ವಾರ ತಣ್ಣಗೆ ಇಟ್ಟರೆ ತಳಕ್ಕಿಳಿಯುತ್ತದೆ.

ಒಬ್ಬರಿಗೆ ಬೆಣ್ಣೆ ಸಿಕ್ಕಿ ಇನ್ನೊಬ್ಬರಿಗೆ ಸಿಗದಿದ್ದರೆ ಸಿಕ್ಕವರೇ ತಪ್ಪು ಎನ್ನಬೇಡಿ. ಕೆಲವರ ಮೂಗಿಗೆ ಡೈಅಸಿಟೈಲ್ ತಿಳಿಯುವುದೇ ಕಷ್ಟ, ನಿಮ್ಮದೂ ಅಂಥದ್ದೇ ಆಗಿರಬಹುದು. ಅದೇ ಬ್ಯಾಚನ್ನು ಹತ್ತಿರಹತ್ತಿರದ ದಿನಗಳಲ್ಲಿ ಎರಡು ಸ್ಪರ್ಧೆಗೆ ಕಳಿಸಿ. ಒಬ್ಬರನ್ನೊಬ್ಬರು ನೋಡದ ಎರಡು ಜೋಡಿಯ ನಾಲ್ವರಲ್ಲಿ ಮೂವರು ಒಂದೇ ದೋಷ ಹೆಸರಿಸಿದರೆ ಅದು ಇದೆ. ಅವರಿಗೆ ಸಿಕ್ಕ ದೋಷ ಮನೆಯ ಬಾಟಲಿಯಲ್ಲಿ ಯಾರಿಗೂ ಸಿಗದಿದ್ದರೆ ದಾರಿಯ ಬಿಸಿಯನ್ನೋ ತೊಳೆಯದ ಬಾಟಲಿಯನ್ನೋ ಸಂಶಯಿಸಿ.

ಮೂಗನ್ನು ಪಳಗಿಸಲು ಸ್ಟೀವರ್ಡ್ ಆಗಿ ಒಂದು ದಿನ ಸೇವೆ ಮಾಡುವುದಕ್ಕಿಂತ ಅಗ್ಗದ ಶಾಲೆ ಇಲ್ಲ, ತೀರ್ಪುಗಾರರು ರುಚಿ ನೋಡಲು ಒಂದು ಗುಟುಕು ಕೊಟ್ಟೇ ಕೊಡುತ್ತಾರೆ. ಮನೆಯಲ್ಲೂ ಆಗುತ್ತದೆ. ರುಚಿ ತೀರಾ ಸಪ್ಪೆಯ ಲಾಗರ್ ತಂದು ಒಂದು ಲೋಟಕ್ಕೆ ಡಬ್ಬಿಯ ಮೆಕ್ಕೆಜೋಳದ ನೀರು, ಇನ್ನೊಂದಕ್ಕೆ ಕೇಕಿಗೆ ಹಾಕುವ ಬೆಣ್ಣೆ ಎಸೆನ್ಸಿನ ಒಂದು ಹನಿ, ಮತ್ತೊಂದಕ್ಕೆ ಗಟ್ಟಿ ಚಹಾ ಡಿಕಾಕ್ಷನ್ ಬೆರೆಸಿ. ಬಿಳಿ ಗಾಜಿನ ಬಾಟಲಿಯನ್ನು ಅರ್ಧ ಗಂಟೆ ಬಿಸಿಲಿಗಿಟ್ಟರೆ ಹಾಪ್ಸಿನ ಮೇಲೆ ಬೆಳಕು ಬಿದ್ದು ಏಳುವ ನಾತವೂ ಪರಿಚಯವಾಗುತ್ತದೆ.

ಪಾಕ ತಿದ್ದಿ ಮತ್ತೆ ಮಾಡಿದಾಗ ಹಳೆಯ ಬ್ಯಾಚಿನ ಬಾಟಲಿ ಉಳಿದಿದ್ದರೆ ಮೂರು ಲೋಟದ ಪರೀಕ್ಷೆ ಮಾಡಿ: ಎರಡರಲ್ಲಿ ಒಂದೇ ಬಿಯರು, ಮೂರನೆಯದರಲ್ಲಿ ಬೇರೆ. ಬೇರೆಯದು ಯಾವುದೆಂದು ನೀವು ಗುರುತಿಸಬೇಕು. ಬಣ್ಣ ಸುಳಿವು ಕೊಡದ ಹಾಗೆ ಸ್ಟೀಲ್ ಲೋಟಗಳಲ್ಲಿ, ನೀವು ನೋಡದಿರುವಾಗ, ಮನೆಯವರು ಬಗ್ಗಿಸಿಡಲಿ. ಕಣ್ಣುಮುಚ್ಚಿ ಆರಿಸಿದರೂ ಮೂರಕ್ಕೊಂದು ಸಲ ಸರಿಬರುತ್ತದೆ, ಆದ್ದರಿಂದ ಲೋಟ ಅದಲುಬದಲು ಮಾಡಿ ಐದಾರು ಸಲವಾದರೂ ನಡೆಸಿ.