ಹೊಲದ ಎಣ್ಣೆಯೂ ರಣದ ವಿಷವೂ

ಕಲಬುರಗಿ ಸೀಮೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ತೊಗರಿಯು ಹೂವಾಗಿ ಕಾಯಿ ಕಟ್ಟುವ ಕಾಲವೆಂದರೆ ಕಾಯಿಕೊರಕ ಹುಳುವಿನ ಕಾಲವೂ ಹೌದು. ಆಗ ಒಕ್ಕಲಿಗನು ಬೆನ್ನಿಗೆ ಪಂಪನ್ನೇರಿಸಿ ‘ಎಣ್ಣೆ ಹೊಡೆಯಲು’ ಹೊರಡುತ್ತಾನೆ. ಎಣ್ಣೆಯೆಂಬ ಈ ಸೌಮ್ಯವಾದ ಹೆಸರು ನಮಗೆ ಸರಿದೋರದು. ಕ್ವಿನಾಲ್‌ಫಾಸ್, ಪ್ರೊಫೆನೊಫಾಸ್, ಬಹುಕಾಲ ಮನೆಮಾತಾಗಿದ್ದ ಮಾನೋಕ್ರೊಟೊಫಾಸ್ ಮೊದಲಾದವು ರಣರಂಗದ ಅತಿ ಘೋರವಾದ ವಿಷಗಳಿಗೆ ದಾಯಾದಿಗಳು. ವಾಚಕರು ಇದನ್ನು ಅತಿಶಯೋಕ್ತಿಯೆಂದು ಭಾವಿಸದಿರಲೆಂದು ಆ ವಂಶದ ಕಥೆಯನ್ನು ಇಲ್ಲಿ ಹೇಳುತ್ತೇವೆ.

ವಿಷವನ್ನು ಶಸ್ತ್ರವಾಗಿ ಬಳಸುವ ಯೋಚನೆಯು ಪುರಾತನವಾದುದು. ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಆರ್. ಶಾಮಶಾಸ್ತ್ರಿಗಳಿಗೆ 1905ರಲ್ಲಿ ದೊರೆತು 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ 14ನೆಯ ಅಧಿಕರಣಕ್ಕೆ ‘ಔಪನಿಷದಿಕ’ವೆಂದು ಹೆಸರು. ಉಪನಿಷತ್ತೆಂದರೆ ಇಲ್ಲಿ ಬ್ರಹ್ಮವಿದ್ಯೆಯಲ್ಲ, ಗುಟ್ಟು. ಕಣ್ಣು ಕೆಡಿಸುವ, ಪ್ರಾಣ ತೆಗೆಯುವ ಹೊಗೆಗಳ ಯೋಗಗಳು ಅಲ್ಲಿವೆ. ಅವುಗಳಲ್ಲಿ ಎಷ್ಟು ಫಲಿಸುತ್ತಿದ್ದವೆಂಬುದು ಸಂಶಯವೇ. ಆದರೆ ಅದರ ಕೊನೆಯ ಅಧ್ಯಾಯವು ತನ್ನ ಸೈನ್ಯಕ್ಕೇ ವಿಷ ತಗುಲಿದರೆ ಮಾಡತಕ್ಕ ಪ್ರತೀಕಾರವನ್ನು ಹೇಳುತ್ತದೆ; ಆಚಾರ್ಯನ ವಿವೇಕಕ್ಕೆ ಇದೇ ಸಾಕ್ಷಿ.

ಆಧುನಿಕ ರಸಾಯನಯುದ್ಧವು ದೊಡ್ಡ ಪ್ರಮಾಣದಲ್ಲಿ ಮೊದಲಾದುದು 1915ನೆಯ ಏಪ್ರಿಲ್ 22ರಂದು. ಬೆಲ್ಜಿಯಂ ದೇಶದ ಈಪ್ರ್ ಪಟ್ಟಣದ ಬಳಿ ಜರ್ಮನರು ಸುಮಾರು 168 ಟನ್ ಕ್ಲೋರಿನ್ ಅನಿಲವನ್ನು ಗಾಳಿಗೆ ಬಿಟ್ಟರು. ನಾಲ್ಕು ದಿನಗಳ ತರುವಾಯ ಅಲ್ಲಿಯೇ ಲಾಹೋರ್ ಡಿವಿಜನ್ನಿನ ಭಾರತೀಯ ಸಿಪಾಯಿಗಳೂ ವಿಷವಾಯುವಿಗೆ ತುತ್ತಾದರು. ಕ್ಲೋರಿನ್ನೂ ಅದರ ಬೆನ್ನಿಗೇ ಬಂದ ಫಾಸ್ಜೀನೂ ಶ್ವಾಸಕೋಶವನ್ನು ಕೆಡಿಸುತ್ತವೆ. 1917ರಲ್ಲಿ ಬಂದ ಸಾಸಿವೆ ಅನಿಲವು ಚರ್ಮದಲ್ಲಿ ಬೊಕ್ಕೆಗಳನ್ನೆಬ್ಬಿಸಿ ಕಣ್ಣುಗಳನ್ನು ಸುಡುತ್ತದೆ. ಸಾಸಿವೆಗೂ ಅದಕ್ಕೂ ವಾಸನೆಯಷ್ಟೇ ನಂಟು. ಹೈಡ್ರೋಜನ್ ಸಯನೈಡಾದರೋ ಜೀವಕೋಶಗಳು ಪ್ರಾಣವಾಯುವನ್ನು ಬಳಸದಂತೆ ಮಾಡುವುದು. ಯುದ್ಧದಲ್ಲಿ ಇವುಗಳ ಬಳಕೆಯನ್ನು 1925ರ ಜಿನೀವಾ ಒಪ್ಪಂದವು ನಿಷೇಧಿಸಿತು, ತಯಾರಿಕೆಯನ್ನಲ್ಲ.

ನಾಲ್ಕನೆಯ ಬಗೆಯಾದ ನರವಿಷವು ಹುಟ್ಟಿದುದು ಯುದ್ಧಕ್ಕಾಗಿ ಅಲ್ಲವೇ ಅಲ್ಲ. 1936ರಲ್ಲಿ ಗೆರ್ಹಾರ್ಡ್ ಶ್ರಾಡರ್ ಎಂಬ ಜರ್ಮನ್ ರಸಾಯನಜ್ಞನು ಬೆಳೆಯ ಹುಳುಗಳಿಗೆ ಮದ್ದನ್ನು ಹುಡುಕುತ್ತಿದ್ದಾಗ ಟಾಬೂನ್ ಸಿಕ್ಕಿತು, 1938ರಲ್ಲಿ ಸಾರಿನ್. ಸೈನ್ಯವು ಅವನ್ನು ಕೈವಶಮಾಡಿಕೊಂಡಿತು. ಅದೇ ಶ್ರಾಡರನು 1944ರಲ್ಲಿ ಕಂಡುಹಿಡಿದ ಪ್ಯಾರಾಥಿಯಾನ್ ಮಾತ್ರ ಹೊಲಕ್ಕೆ ಬಂದಿತು. 1950ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ರಣಜಿತ್ ಘೋಷ್ ಎಂಬವರು ಅಭ್ಯಸಿಸಿದ ಅಮಿಟಾನ್ ಎಂಬ ಕೀಟನಾಶಕವು ಹೊಲಕ್ಕೆ ತಗದಷ್ಟು ಕ್ರೂರವೆನಿಸಲು, ಅದರ ಸಂತತಿಯಾದ ವಿ.ಎಕ್ಸ್. ಯುದ್ಧವಿಷವಾಯಿತು. ತಯಾರಿಕೆಯನ್ನೂ ಸಂಗ್ರಹವನ್ನೂ ನಿಷೇಧಿಸುವ ಒಡಂಬಡಿಕೆಯು 1997ರಲ್ಲಿ ಜಾರಿಗೆ ಬಂದಿತು. ಭಾರತವು ತನ್ನಲ್ಲಿದ್ದ ಸಾಸಿವೆ ಅನಿಲದ ಸಂಗ್ರಹವನ್ನು 2009ರಲ್ಲಿ ನಾಶಮಾಡಿ ಮುಗಿಸಿತು. ಹೊಲದ ದಾಯಾದಿಗಳು ಬಲದಲ್ಲಿ ಬಹಳ ಕಡಮೆಯಾದುದರಿಂದ ಅಂಗಡಿಯಲ್ಲಿಯೇ ಉಳಿದವು.

ಎರಡರ ಕಾರ್ಯವಿಧಾನವೂ ಒಂದೇ. ನರವು ಸ್ನಾಯುವಿಗೆ ಅಸಿಟೈಲ್‌ಕೋಲೀನ್ ಎಂಬ ದೂತನ ಮೂಲಕ ಆಜ್ಞೆಯನ್ನು ಕಳುಹುತ್ತದೆ. ಕೆಲಸವಾದೊಡನೆ ಒಂದು ಕಿಣ್ವವು ಆ ದೂತನನ್ನು ಅಳಿಸುತ್ತದೆ. ವಿಷವು ಆ ಕಿಣ್ವವನ್ನೇ ಕಟ್ಟಿಹಾಕುವುದರಿಂದ ಆಜ್ಞೆಯು ನಿಲ್ಲುವುದೇ ಇಲ್ಲ. ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈಯೆಲ್ಲ ಬೆವರು, ವಾಂತಿ, ಸಾಸಿವೆಕಾಳಿನಷ್ಟು ಕುಗ್ಗಿದ ಪಾಪೆ, ಸ್ನಾಯುಗಳ ಅದುರು, ಕೊನೆಗೆ ಉಸಿರು ನಿಲ್ಲುವುದು.

ಇದು ಕುಡಿದವರಿಗೆ ಮಾತ್ರ ಬರುವ ಆಪತ್ತಲ್ಲ. ಚರ್ಮದಿಂದಲೂ ಉಸಿರಿನಿಂದಲೂ ಒಳಸೇರುತ್ತದೆ. ಆದಕಾರಣ ಗಾಳಿಗೆದುರಾಗಿ ಸಿಂಪಡಿಸಲಾಗದು; ತೊಯ್ದ ಅಂಗಿಯನ್ನು ಮನೆಯವರ ಬಟ್ಟೆಯೊಡನೆ ಒಗೆಯಲಾಗದು. ಬರಿದಾದ ಡಬ್ಬಿಯನ್ನು ತೊಳೆದು ಅಡುಗೆಮನೆಗೆ ತರುವುದಂತೂ ಕೂಡದು. 2013ರ ಜುಲೈ ತಿಂಗಳಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಒಂದು ಶಾಲೆಯಲ್ಲಿ ಮಾನೋಕ್ರೊಟೊಫಾಸ್ ಬೆರೆತ ಎಣ್ಣೆಯಿಂದ ಮಾಡಿದ ಮಧ್ಯಾಹ್ನದ ಊಟವನ್ನುಂಡು 23 ಮಕ್ಕಳು ಸತ್ತರು. ಎಣ್ಣೆಯೆಂಬ ಹೆಸರನ್ನು ನಾವು ಆಕ್ಷೇಪಿಸಿದ ಕಾರಣವು ಗೃಹಿಣಿಯರಿಗೆ ಈಗ ತಿಳಿದಿರಬಹುದು.

ಪ್ರತಿವಿಷವುಂಟು. ಬೆಲಡೋನ ಗಿಡದಿಂದ ದೊರೆವ ಅಟ್ರೋಪೀನ್ ಸಾರಿನ್ನಿಗೂ ಮದ್ದು, ಹೊಲದ ವಿಷಕ್ಕೂ ಮದ್ದು. ನಮ್ಮ ತಿಪ್ಪೆಯ ಬದಿಯ ಉಮ್ಮತ್ತಿಯಲ್ಲಿಯೂ ಅದರ ಅಂಶವಿದೆಯಾದರೂ, ಯಾರೂ ಅದನ್ನು ಅರೆದು ಕುಡಿಸಬಾರದು. ಪ್ರಮಾಣ ತಪ್ಪಿದರೆ ಅದೇ ಕೊಲ್ಲುವುದು. ವಿಷ ತಗುಲಿದವನನ್ನು ಹೊಲದಿಂದ ಹೊರತಂದು, ಬಟ್ಟೆಯನ್ನು ಕಳಚಿ, ಮೈಯನ್ನು ಸಾಬೂನು ನೀರಿನಿಂದ ತೊಳೆಯತಕ್ಕದ್ದು. ತೊಳೆಯುವವನ ಕೈಗೂ ಅದು ಅಂಟದಿರಲಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ಒಮ್ಮಗ್ಗುಲಾಗಿ ಮಲಗಿಸಿ, ತಡಮಾಡದೆ ತಾಲೂಕು ಆಸ್ಪತ್ರೆಗೆ ಸಾಗಿಸಬೇಕು. ಹೆಸರಿನ ಚೀಟಿಯುಳ್ಳ ಸೀಸೆಯನ್ನೂ ಜೊತೆಗೆ ಒಯ್ಯಬೇಕು.