ಅರ್ಧ ಮೀಟರಿನ ಟಿ-80

ಡೊಂಬಿವಲಿಯ ನಮ್ಮ ಮನೆಯ ಊಟದ ಮೇಜು ಆರು ತಿಂಗಳಿಂದ ಹಡಗುಕಟ್ಟೆಯಾಗಿದೆ. ಊಟ ನೆಲದ ಮೇಲೆ. "ಬೇಗ ಮುಗಿಸಿ ಮಾರಾಯ್ರೇ, ಸೊಂಟ ಹಿಡೀತು" ಎಂಬುದು ನನ್ನವಳ ನಿತ್ಯದ ಅರ್ಜಿ.

ಕಟ್ಟುತ್ತಿರುವುದು ಐಎನ್‌ಎಸ್ ಟಿ-80. ಇಸ್ರೇಲಿನಲ್ಲಿ ತಯಾರಾಗಿ 1998ರ ಜೂನ್ 24ರಂದು ನೌಕಾಪಡೆ ಸೇರಿದ ವೇಗದ ಗಸ್ತುದೋಣಿ. ಅದರ ಎಂಜಿನ್ ಕೋಣೆಯಲ್ಲಿ ಮೂರು ವರ್ಷ ದುಡಿದೆ. ನನ್ನ ಎಡಗಿವಿ ಅಲ್ಲೇ ಉಳಿಯಿತು. 45 ನಾಟ್, ಎಂದರೆ ಗಂಟೆಗೆ 80 ಕಿಲೋಮೀಟರಿಗೂ ಮೀರಿದ ಓಟ. ಹಿಂದಕ್ಕೆ ಚಾಚಿದ ಶಾಫ್ಟನ್ನೇ ತಿರುಗಿಸಿ ದಿಕ್ಕು ಬದಲಿಸುವುದು. ಓಡುವಾಗ ಫ್ಯಾನಿನ ಅರ್ಧ ನೀರಿನ ಮೇಲೆ; ಹಾಗಾಗಿ ಆಳವಿಲ್ಲದ ಕಡೆಗೂ ನುಗ್ಗುತ್ತಿತ್ತು. ಮಾದರಿಗೆ ಅದನ್ನು ರಿಫಿಲ್ ನಳಿಕೆ, ಡಬ್ಬಿಯ ತಗಡಿನಿಂದ ಮಾಡಿದೆ. ಕೈ ನಡುಗಿ ಎರಡು ಸಲ ಹಾಳಾಯಿತು.

ಐವತ್ತರಲ್ಲಿ ಒಂದು ಪಾಲಿನ ಅಳತೆ: ಸುಮಾರು 25 ಮೀಟರಿನ ದೋಣಿ ಅರ್ಧ ಮೀಟರ್ ಆಗಬೇಕು. ಡೆಕ್ಕನ್ನು ನೆನಪಿನಿಂದಲೇ ಗೀಚಿದ್ದೆ. 2021ರ ಸೆಪ್ಟೆಂಬರಿನಲ್ಲಿ ನಿವೃತ್ತವಾದ ಅಸಲಿ ದೋಣಿ ಈಗ ಪಕ್ಕದ ಕಲ್ಯಾಣದಲ್ಲೇ, ದುರ್ಗಾಡಿ ಕೋಟೆಯ ಬಳಿ ಇದೆ. ಶಿವಾಜಿ ಹಡಗು ಕಟ್ಟಿಸಿದ ಖಾಡಿಯ ದಂಡೆ ಅದು. ಹೋಗಿ, ಹೊರಗಿನಿಂದಲೇ ಹೆಜ್ಜೆ ಎಣಿಸಿ ಬಂದೆ. ನನ್ನ ಡೆಕ್ಕಿನ ಹಿಂಭಾಗ ನಾಲ್ಕು ಸೆಂಟಿಮೀಟರ್ ಹೆಚ್ಚು. ಅಸಲಿಯಲ್ಲಿ ಅದು ಎರಡು ಮೀಟರ್! ರಾತ್ರಿ ಅಲೆಗಳ ನಡುವೆ ಕಂಬಿ ಹಿಡಿದು ತೆವಳಿ ದಾಟುತ್ತಿದ್ದ ಜಾಗ ಅದು. ಉದ್ದ ಅನಿಸಿದ್ದರೆ ತಪ್ಪೇನು?

ಆದರೂ ಕತ್ತರಿಸಿದೆ. ಉಳಿದ ತುಂಡು ಮೊಮ್ಮಗಳ ಗೊಂಬೆಗೆ ಮಂಚವಾಗಿದೆ. ಭಾನುವಾರ ಬೂದು ಬಣ್ಣ ಹಚ್ಚಬೇಕು.