ಸಾಸಿವೆ ಕಾಳಿನಲ್ಲಿ ನಾಲ್ಕು ಕಿಲೋಮೀಟರ್ ಎಳೆ

ಬನಹಟ್ಟಿಯಲ್ಲಿ ಒಮ್ಮೆ ಮಗ್ಗದ ಮುಂದೆ ನಿಂತು ನೋಡಿ. ಹಾಸಿನ ಸಾವಿರಾರು ಎಳೆಗಳಲ್ಲಿ ಒಂದು ಹರಿದರೆ ಸಾಕು, ನೇಕಾರನ ಬೆರಳು ನೇರ ಅಲ್ಲಿಗೇ ಹೋಗುತ್ತದೆ, ತುದಿ ಹುಡುಕಿ ಹೊಸೆದು ಕೂಡಿಸುತ್ತದೆ. ಈಗ ಅಂಥ ಎಳೆಗಳು ನಾಲ್ಕು ಕಿಲೋಮೀಟರ್ ಉದ್ದ ಇವೆ, ಅವಷ್ಟೂ ಒಂದು ಸಾಸಿವೆ ಕಾಳಿನೊಳಗೆ ತುಂಬಿವೆ ಎಂದುಕೊಳ್ಳಿ. ಇಲಿಯ ಮಿದುಳಿನ ಒಂದು ಚೂರು ಹಾಗಿದೆ!

ಮಿದುಳಿನ ಒಂದು ಘನ ಮಿಲಿಮೀಟರ್‌ನಲ್ಲಿ ಯಾವ ಕೋಶ ಯಾವುದಕ್ಕೆ ಕೂಡಿದೆ ಎಂಬ ಪೂರ್ತಿ ನಕ್ಷೆ ಕೇಳುವುದು ಆಗದ ಮಾತು ಎಂದು 1979ರಲ್ಲಿ ಬರೆದಿದ್ದರು ಫ್ರಾನ್ಸಿಸ್ ಕ್ರಿಕ್, ಡಿಎನ್‌ಎ ರಚನೆ ಕಂಡುಹಿಡಿದ ಅದೇ ಕ್ರಿಕ್. 2025ರ ಏಪ್ರಿಲ್‌ನಲ್ಲಿ ಆ ನಕ್ಷೆ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಯೋಜನೆಯ ಹೆಸರು ಮೈಕ್ರಾನ್ಸ್.

ಅದನ್ನು ಮಾಡಿದ ರೀತಿ ಕೇಳಿ. ಅಮೆರಿಕದ ಬೇಲರ್ ವೈದ್ಯಕೀಯ ಕಾಲೇಜಿನಲ್ಲಿ ಇಲಿಗೆ ಸಿನಿಮಾ ತುಣುಕುಗಳನ್ನು ತೋರಿಸಿದರು. ಅದು ನೋಡುತ್ತಿರುವಾಗ ಯಾವ ನರಕೋಶ ಯಾವಾಗ ಮಿನುಗಿತು ಎಂಬುದನ್ನು ದಾಖಲಿಸಿದರು. ಆಮೇಲೆ ಸಿಯಾಟಲ್‌ನ ಅಲೆನ್ ಸಂಸ್ಥೆಯಲ್ಲಿ ಅದರ ಮಿದುಳಿನಲ್ಲಿ ನೋಟಕ್ಕೆ ಸಂಬಂಧಿಸಿದ ಒಂದು ಘನ ಮಿಲಿಮೀಟರ್ ಚೂರನ್ನು 25,000ಕ್ಕೂ ಹೆಚ್ಚು ಹೋಳು ಮಾಡಿದರು. ತಲೆಗೂದಲನ್ನು ಸಾವಿರ ಸೀಳು ಮಾಡಿದರೂ ಒಂದೊಂದು ಸೀಳು ಈ ಹೋಳಿಗಿಂತ ದಪ್ಪ! ಒಂದೆರಡಲ್ಲ, ಸಾಲಾಗಿ ಹಲವು ಹೋಳು ತಪ್ಪಿದರೆ ಎಳೆಯ ಜಾಡು ಹೋಯಿತು. ಅದಕ್ಕೇ ಹನ್ನೆರಡು ಹಗಲು, ಹನ್ನೆರಡು ರಾತ್ರಿ ಪಾಳಿಯ ಮೇಲೆ ಕಾವಲು ಕೂತರು. ಹೋಳುಗಳ ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿ ಎಳೆ ಹಿಡಿದು ಹೋಗುವ ಕೆಲಸ ಪ್ರಿನ್ಸ್‌ಟನ್‌ನ ಕೃತಕ ಬುದ್ಧಿಮತ್ತೆಯದು. ಅದು ತಪ್ಪಿದಲ್ಲಿ ತಿದ್ದಿದ್ದು ಮನುಷ್ಯರ ಕಣ್ಣು, ನಮ್ಮ ನೇಕಾರನ ಹಾಗೆಯೇ. ಸಿಕ್ಕಿದ್ದು ಎರಡು ಲಕ್ಷ ಕೋಶ, 52 ಕೋಟಿ 30 ಲಕ್ಷ ಜೋಡಣೆ. ಇಷ್ಟೂ ಇಲಿಯ ಮಿದುಳಿನ ಐನೂರರಲ್ಲಿ ಒಂದು ಪಾಲಿನಲ್ಲಿ!

ನಕ್ಷೆಯಲ್ಲಿ ಕಂಡ ಇನ್ನೊಂದು ಅಚ್ಚರಿ. ಉಳಿದವನ್ನು ಸುಮ್ಮನಿರಿಸುವ ಕೋಶಗಳು ಕಂಡಕಂಡವಕ್ಕೆಲ್ಲ ಕಡಿವಾಣ ಹಾಕುವುದಿಲ್ಲ, ತಮಗೆ ಬೇಕಾದ ಕೋಶವನ್ನೇ ಆರಿಸಿಕೊಂಡು ತಡೆಯುತ್ತವೆ.

ನಕ್ಷೆ ಕೈಗೆ ಬಂದರೂ ಯಾವ ದಾರಿ ಯಾವ ಕೆಲಸಕ್ಕೆ ಎಂದು ತಿಳಿಯುವುದು ಬೇರೆಯೇ ಪರಿಶ್ರಮ. ಅಂಥ ಒಂದು ಕೆಲಸ ನಮ್ಮ ಬೆಂಗಳೂರಿನಲ್ಲೇ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅರ್ನಬ್ ಬಾರಿಕ್ ಅವರ ತಂಡ ಇಲಿಯ ಮಿದುಳಿನ ಹೈಪೋಥಲಾಮಸ್‌ನಲ್ಲಿ ಒಂದು ಗುಂಪು ಕೋಶಗಳನ್ನು ಗುರುತಿಸಿತು. ಇಲಿಗೆ ಒತ್ತಡ ಬಿದ್ದಾಗ ಇವು ಎಚ್ಚರಗೊಳ್ಳುತ್ತವೆ, ತುರಿಕೆ ತಗ್ಗುತ್ತದೆ. ಒತ್ತಡವಿಲ್ಲದೆ ಅವನ್ನೇ ಎಬ್ಬಿಸಿದರೂ ಇಲಿ ಕೆರೆದುಕೊಳ್ಳುವುದು ಕಡಿಮೆಯಾಯಿತು. ಅವನ್ನು ಮಲಗಿಸಿದರೆ ಒತ್ತಡವಿದ್ದರೂ ತುರಿಕೆ ತಗ್ಗಲಿಲ್ಲ. ತುಬಚಿ-ಬಬಲೇಶ್ವರ ಏತ ನೀರಾವರಿಯ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಕಾಲುವೆ ಎಲ್ಲೆಲ್ಲೋ ಹರಿದಿರುತ್ತದೆ, ಯಾವ ಗೇಟು ಎತ್ತಿದರೆ ಯಾವ ಹೊಲಕ್ಕೆ ನೀರು ಎಂಬುದು ತಿಳಿದವನಿಗೇ ಬೆಳೆ. ವರ್ಷಗಟ್ಟಲೆ ತುರಿಕೆಯಲ್ಲಿ ನಿದ್ದೆಗೆಟ್ಟವರಿಗೆ ಆ ಗೇಟಿನ ಬೆಲೆ ಗೊತ್ತು.

ಮೈಕ್ರಾನ್ಸ್ ನಕ್ಷೆ ಅಂತರ್ಜಾಲದಲ್ಲಿ ಎಲ್ಲರಿಗೂ ಪುಕ್ಕಟೆ ತೆರೆದಿದೆ. ತುಬಚಿಯ ಮೇಷ್ಟ್ರೇ, ನಾಳೆ ಶಾಲೆಯ ಕಂಪ್ಯೂಟರಿನಲ್ಲಿ ಅದನ್ನು ತೆರೆಯಿರಿ, ಮಕ್ಕಳ ಕೈಗೆ ಒಂದು ಎಳೆ ಕೊಡಿ, ಅದರ ತುದಿಯವರೆಗೂ ಹೋಗಿ ಬರಲಿ.